‘ವೈ’ ಒತ್ತುವ ಮುನ್ನ: ಫೈಲ್‌ಸಿಸ್ಟಮ್ ದುರಸ್ತಿ ಕೈಪಿಡಿಗಳು ಹೇಳದೆ ಬಿಡುವುದೇನು?

ಲಿನಕ್ಸ್ ಯಂತ್ರವೊಂದು ಆರಂಭವಾಗುವ ಹಾದಿಯಲ್ಲೇ ನಿಂತು, ‘ಅನಿರೀಕ್ಷಿತ ಅಸಂಗತತೆ, ಎಫ್‌ಎಸ್‌ಸಿಕೆಯನ್ನು ನೀವೇ ಚಲಾಯಿಸಿ’ ಎಂಬರ್ಥದ ಸಾಲನ್ನು ದೊಡ್ಡಕ್ಷರಗಳಲ್ಲಿ ತೋರಿಸುತ್ತದೆ. ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯೇ ಫೈಲ್‌ಸಿಸ್ಟಮ್, ಅದನ್ನು ಪರೀಕ್ಷಿಸಿ ದುರಸ್ತಿ ಮಾಡುವ ಉಪಕರಣ ಎಫ್‌ಎಸ್‌ಸಿಕೆ. ಆ ಸಾಲಿನಲ್ಲಿರುವುದು ಒಂದು ಆದೇಶ ಮಾತ್ರ. ಯಾವ ಆಯ್ಕೆಯೊಂದಿಗೆ ಚಲಾಯಿಸಬೇಕು, ಚಲಾಯಿಸಿದರೆ ಏನಾಗುತ್ತದೆ, ಅದಕ್ಕೂ ಮೊದಲು ಮಾಡಬೇಕಾದದ್ದು ಏನಾದರೂ ಇದೆಯೇ ಎಂಬ ಒಂದು ಪ್ರಶ್ನೆಗೂ ಉತ್ತರವಿಲ್ಲ. ಅದರ ಕೆಳಗೆ ಕಾಣುವುದು ಬಹಳ ಸಲ ಬಿಸಿಬಾಕ್ಸ್‌ನ (ಪುಟ್ಟ ಕಮಾಂಡ್ ಸಂಗ್ರಹವೊಂದರ) ಬರಿಯ ಪ್ರಾಂಪ್ಟ್. ಕೈಪಿಡಿಯ ‘ಮ್ಯಾನ್ ಪುಟ’ ತೆರೆಯೋಣವೆಂದರೆ ಆ ಹಂತದಲ್ಲಿ ‘ಮ್ಯಾನ್’ ಎಂಬ ಕಮಾಂಡೇ ಇರುವುದಿಲ್ಲ. ಕೈಪಿಡಿ ಇರುವುದು ತೆರೆಯಲಾಗದ ಆ ಡಿಸ್ಕ್‌ನ ಒಳಗೇ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದಂತೆ.

ಹೀಗಾದಾಗ ಎಲ್ಲರೂ ಮಾಡುವುದು ಒಂದೇ. ಮೊಬೈಲ್ ಕೈಗೆತ್ತಿಕೊಂಡು ಆ ಸಾಲನ್ನೇ ಹುಡುಕುತ್ತಾರೆ. ಸಿಗುವ ಉತ್ತರ ಒಂದೇ ಸಾಲಿನದು: ಎಫ್‌ಎಸ್‌ಸಿಕೆಗೆ ‘-ವೈ’ ಸೇರಿಸಿ ಚಲಾಯಿಸಿ. ಅಂದರೆ ಉಪಕರಣ ಏನು ಕೇಳಿದರೂ ‘ಹೌದು’ ಎಂದು ಮುಂಚಿತವಾಗಿಯೇ ಒಪ್ಪಿಬಿಡಿ. ಹೆಚ್ಚಿನ ಸಲ ಅದು ಕೆಲಸ ಮಾಡುತ್ತದೆ, ಯಂತ್ರ ಮತ್ತೆ ಏಳುತ್ತದೆ. ಕೈಪಿಡಿಗಳ ಕೊರತೆ ಇಷ್ಟು ವರ್ಷ ಯಾರ ಕಣ್ಣಿಗೂ ಚುಚ್ಚದೆ ಉಳಿದದ್ದು ಈ ಕಾರಣದಿಂದಲೇ ಎಂದು ನನಗನ್ನಿಸುತ್ತದೆ. ಹಠಾತ್ತನೆ ವಿದ್ಯುತ್ ಹೋದದ್ದರಿಂದ ಆದ ಸಣ್ಣ ಏರುಪೇರಿಗೆ ಯಾವ ಉತ್ತರ ಕೊಟ್ಟರೂ ನಡೆದೀತು. ಆದರೆ ಡಿಸ್ಕ್ ಸಾಯುತ್ತಿರುವಾಗ, ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ವ್ಯವಸ್ಥೆ) ತಪ್ಪಾಗಿ ಜೋಡಣೆಯಾಗಿರುವಾಗ, ಮೆಮೊರಿ ಕೆಟ್ಟು ತಪ್ಪು ಬರೆದಿರುವಾಗ ಅದೇ ಉತ್ತರ ಉಳಿದದ್ದನ್ನೂ ತೆಗೆದುಬಿಡುತ್ತದೆ.

ಈ ಉಪಕರಣಗಳ ಕೋಡ್ ದಶಕಗಳ ಪರೀಕ್ಷೆಯಲ್ಲಿ ಪಳಗಿದೆ. ಕೈಪಿಡಿಗಳು ಮಾತ್ರ ಇನ್ನೂ ಆಯ್ಕೆಗಳ ಪಟ್ಟಿಯಾಗಿಯೇ ಉಳಿದಿವೆ. ಓದುಗನ ಮುಂದಿರುವುದು ಯಾವ ಗುಂಡಿ ಏನು ಮಾಡುತ್ತದೆ ಎಂಬ ಕುತೂಹಲವಲ್ಲ, ಒಂದು ನಿರ್ಧಾರ. ನಿರ್ಧಾರಕ್ಕೆ ಬೇಕಾದ ಮುಖ್ಯ ಮಾಹಿತಿಯೆಂದರೆ, ಈ ಹೆಜ್ಜೆ ಇಟ್ಟ ಮೇಲೆ ಹಿಂದೆ ಬರಲು ದಾರಿ ಇದೆಯೇ ಇಲ್ಲವೇ ಎಂಬುದು. ಅದನ್ನು ನೇರವಾಗಿ ಹೇಳುವ ಕೈಪಿಡಿಗಳು ತೀರಾ ಕಡಿಮೆ.

ಸರಿಯಾದ ಫೈಲ್‌ಸಿಸ್ಟಮ್, ತಪ್ಪಾದ ಫೈಲ್

ಓದುಗನ ನಿರೀಕ್ಷೆಗೂ ಉಪಕರಣದ ಕೆಲಸಕ್ಕೂ ನಡುವಿನ ಅಂತರ ಇಲ್ಲಿಂದಲೇ ಆರಂಭ. ಓದುಗನಿಗೆ ಬೇಕಿರುವುದು ತನ್ನ ಫೈಲ್‌ಗಳು. ಉಪಕರಣ ಕೊಡುವುದು ತನ್ನೊಳಗೆ ತಾನೇ ವಿರೋಧವಿಲ್ಲದ ಒಂದು ಲೆಕ್ಕಪತ್ರ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮನ್ನು ಪರೀಕ್ಷಿಸುವ ಇ2ಎಫ್‌ಎಸ್‌ಸಿಕೆ ಐದು ಸುತ್ತು ಹಾಕುತ್ತದೆ: ಮೊದಲು ಇನೋಡ್ (ಪ್ರತಿ ಫೈಲ್‌ನ ವಿವರದ ದಾಖಲೆ), ಬ್ಲಾಕ್ (ಡಿಸ್ಕ್‌ನ ಪುಟ್ಟ ತುಣುಕು) ಮತ್ತು ಗಾತ್ರಗಳು; ಆಮೇಲೆ ಡೈರೆಕ್ಟರಿಗಳ ರಚನೆ; ಡೈರೆಕ್ಟರಿಗಳು ಮೂಲಕ್ಕೆ ಕೂಡಿಕೊಂಡಿವೆಯೇ ಎಂಬುದು; ಉಲ್ಲೇಖಗಳ ಎಣಿಕೆ; ಕೊನೆಗೆ ಬ್ಲಾಕ್ ಗುಂಪುಗಳ ಒಟ್ಟು ಲೆಕ್ಕ. ಈ ಐದರಲ್ಲಿ ಯಾವ ಸುತ್ತೂ ನಿಮ್ಮ ಫೈಲ್‌ನ ಒಳಗಿರುವ ಅಕ್ಷರಗಳು ಸರಿಯಾಗಿವೆಯೇ ಎಂದು ನೋಡುವುದಿಲ್ಲ. ನೋಡಲು ಅದಕ್ಕೆ ಆಧಾರವೂ ಇಲ್ಲ, ಏಕೆಂದರೆ ಇಎಕ್ಸ್‌ಟಿ4 ಫೈಲ್‌ನ ಒಳಗಿನ ಮಾಹಿತಿಗೆ ಚೆಕ್‌ಸಮ್ (ಮಾಹಿತಿ ಬದಲಾಗಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಡುವುದಿಲ್ಲ.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ಮೊದಲ ಸುತ್ತಿನಲ್ಲಿ ಒಂದೇ ಬ್ಲಾಕ್ ತಮ್ಮದೆಂದು ಎರಡು ಫೈಲ್‌ಗಳು ಹೇಳುತ್ತಿರುವುದು ಇ2ಎಫ್‌ಎಸ್‌ಸಿಕೆಗೆ ಕಾಣುತ್ತದೆ. ಆ ಬ್ಲಾಕ್‌ಗಳ ನಕಲು ಮಾಡಲೇ ಎಂದು ಅದು ಕೇಳುತ್ತದೆ. ‘ಹೌದು’ ಎಂದರೆ ಎರಡೂ ಫೈಲ್‌ಗಳಿಗೆ ತಮ್ಮದೇ ಆದ ಒಂದೊಂದು ಪ್ರತಿ ಸಿಗುತ್ತದೆ, ಜಗಳ ಮುಗಿಯುತ್ತದೆ, ಫೈಲ್‌ಸಿಸ್ಟಮ್ ‘ಶುದ್ಧ’ ಎಂಬ ಮುದ್ರೆ ಬೀಳುತ್ತದೆ. ಆದರೆ ಆ ಬ್ಲಾಕ್‌ನಲ್ಲಿದ್ದ ಮಾಹಿತಿ ನಿಜವಾಗಿ ಸೇರಿದ್ದು ಹೆಚ್ಚೆಂದರೆ ಒಂದಕ್ಕೆ. ಇನ್ನೊಂದು ಫೈಲ್‌ನ ನಡುವೆ ಈಗ ಬೇರೆಯವರ ಮಾಹಿತಿ ಕೂತಿದೆ. ಯಾವುದರ ನಡುವೆ ಎಂದು ಉಪಕರಣಕ್ಕೆ ಗೊತ್ತಿಲ್ಲ. ‘ಬೇಡ’ ಎಂದರೋ? ಹಾಗಾದರೆ ಈ ಫೈಲನ್ನು ಅಳಿಸಲೇ ಎಂಬ ಪ್ರಶ್ನೆ ಬರುತ್ತದೆ.

ಇಲ್ಲಿ ಕೈಪಿಡಿ ಹೇಳಬೇಕಾದದ್ದು ಎರಡೇ ವಾಕ್ಯ: ನಕಲು ಮಾಡಿಸಿ, ಆದರೆ ಪರದೆಯ ಮೇಲೆ ಬಂದ ಫೈಲ್‌ಗಳ ಹೆಸರುಗಳನ್ನು ಬರೆದುಕೊಳ್ಳಿ, ಅವುಗಳನ್ನು ನಂಬಬೇಡಿ, ಬ್ಯಾಕಪ್‌ನಿಂದ ಮತ್ತೆ ತನ್ನಿ. ‘-ವೈ’ ಕೊಟ್ಟು ಓಡಿಸಿದವನಿಗೆ ಆ ಹೆಸರುಗಳು ಕಣ್ಣೆದುರೇ ಹರಿದುಹೋಗಿರುತ್ತವೆ. ದುರಸ್ತಿಯ ಔಟ್‌ಪುಟ್ ಅನ್ನು ಬೇರೆ ಡಿಸ್ಕ್‌ಗೆ ಉಳಿಸಿಕೊಳ್ಳಿ ಎಂಬ ಸಲಹೆ ಎಲ್ಲ ದುರಸ್ತಿ ಕೈಪಿಡಿಗಳ ಮೊದಲ ಪುಟದಲ್ಲಿರಬೇಕಾದದ್ದು. ತಿಂಗಳುಗಳ ನಂತರ ಕೆಟ್ಟ ಫೈಲ್ ಒಂದು ಸಿಕ್ಕಾಗ, ಏನಾಗಿತ್ತೆಂದು ತಿಳಿಯಲು ಉಳಿದಿರುವ ಸಾಕ್ಷಿ ಅದೊಂದೇ.

ಅದೇ ಇ2ಎಫ್‌ಎಸ್‌ಸಿಕೆ ಇನ್ನೊಂದು ಕೆಲಸ ಮಾಡುತ್ತದೆ. ನೀವು ಕೆಲವು ಪ್ರಶ್ನೆಗಳಿಗೆ ಸತತವಾಗಿ ‘ವೈ’ ಒತ್ತಿದರೆ, ‘ಎ’ ಒತ್ತಿ, ಮುಂದಿನದೆಲ್ಲಕ್ಕೂ ಹೌದು ಎಂದಾಗುತ್ತದೆ ಎಂದು ತಾನೇ ಸೂಚಿಸುತ್ತದೆ. ಇದನ್ನು ಬರೆದವರ ಮೇಲೆ ಕೋಪಿಸಿಕೊಳ್ಳಲಾರೆ. ಸಾವಿರ ಸಲ ‘ವೈ’ ಒತ್ತುವವನು ಸಾವಿರ ಸಲ ಯೋಚಿಸುತ್ತಿರುವುದಿಲ್ಲ. ಆದರೂ ಆ ಒಂದು ಸಾಲು ಇಡೀ ಮ್ಯಾನ್ ಪುಟಕ್ಕಿಂತ ಹೆಚ್ಚು ಜನ ಓದುವ ದಾಖಲೆ ಎಂಬುದನ್ನು ಮರೆಯಬಾರದು. ಅಷ್ಟು ಪ್ರಶ್ನೆಗಳು ಏಕೆ ಬರುತ್ತಿವೆ, ಡಿಸ್ಕ್‌ನ ಆರೋಗ್ಯ ನೋಡಿದಿರಾ ಎಂದು ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಅಕ್ಷರಮಾಲೆಯ ಅಪಾಯ

ಯುನಿಕ್ಸ್ ಪರಂಪರೆಯ ಮ್ಯಾನ್ ಪುಟ ಆಯ್ಕೆಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸುತ್ತದೆ. ಫೈಲ್‌ಗಳ ಪಟ್ಟಿ ತೋರಿಸುವ ‘ಎಲ್‌ಎಸ್’ನಂಥ ಕಮಾಂಡ್‌ಗೆ ಅದು ಸರಿ. ಇ2ಎಫ್‌ಎಸ್‌ಸಿಕೆಯ ಪುಟದಲ್ಲಿ ಆ ಕ್ರಮದ ಫಲವಾಗಿ ಮೊದಲು ಕಾಣುವ ಆಯ್ಕೆ ‘-ಎ’. ಅದರ ವಿವರಣೆ ಏನೆಂದರೆ, ಇದು ‘-ಪಿ’ ಮಾಡುವುದನ್ನೇ ಮಾಡುತ್ತದೆ, ಹಳೆಯ ಬಳಕೆಗಾಗಿ ಉಳಿಸಿಕೊಂಡಿದ್ದೇವೆ, ನೀವು ‘-ಪಿ’ಯನ್ನೇ ಬಳಸಿ. ಗಾಬರಿಯಲ್ಲಿ ಪುಟ ತೆರೆದವನಿಗೆ ಸಿಗುವ ಮೊದಲ ಮಾಹಿತಿ, ಬಳಸಬೇಕಿಲ್ಲದ ಆಯ್ಕೆಯೊಂದರ ಇತಿಹಾಸ! ಏನನ್ನೂ ಬದಲಿಸದೆ ಬರೀ ನೋಡುವ ‘-ಎನ್’ ಎಷ್ಟೋ ಕೆಳಗಿದೆ. ಮಾಡಿದ ಬದಲಾವಣೆಗಳನ್ನು ಹಿಂತೆಗೆದುಕೊಳ್ಳಲು ಅನುವು ಮಾಡುವ ‘-ಝಡ್’ ಸಹಜವಾಗಿಯೇ ಕಟ್ಟಕಡೆಗೆ. ‘-ಝಡ್’ ಕೊಟ್ಟು ಒಂದು ಫೈಲ್‌ನ ಹೆಸರು ಹೇಳಿದರೆ, ಇ2ಎಫ್‌ಎಸ್‌ಸಿಕೆ ತಾನು ಮೇಲೆ ಬರೆಯುವ ಬ್ಲಾಕ್‌ಗಳ ಹಳೆಯ ರೂಪವನ್ನು ಅದರಲ್ಲಿ ಉಳಿಸಿಡುತ್ತದೆ. ಇ2ಅಂಡೂ ಎಂಬ ಜೊತೆಗಾರ ಉಪಕರಣ ಅದನ್ನು ಮರಳಿ ಹಾಕುತ್ತದೆ. ಹಿಂದೆ ಬರುವ ದಾರಿಯನ್ನು ಒದಗಿಸಿ, ಅದನ್ನು ಅಕ್ಷರಮಾಲೆಯ ಬಾಲಕ್ಕೆ ಕಟ್ಟಿಬಿಟ್ಟಿದ್ದೇವೆ.

ಒಂದು ಉಪಕರಣದಿಂದ ಇನ್ನೊಂದಕ್ಕೆ ಹೋದಾಗ ಗೊಂದಲ ಇಮ್ಮಡಿಯಾಗುತ್ತದೆ. ವಿಂಡೋಸ್‌ನ ಚೆಕ್‌ಡಿಸ್ಕ್‌ಗೆ ‘ಎಫ್’ ಕೊಟ್ಟರೆ ಅದು ದೋಷಗಳನ್ನು ಸರಿಪಡಿಸುತ್ತದೆ. ಇ2ಎಫ್‌ಎಸ್‌ಸಿಕೆಗೆ ‘-ಎಫ್’ ಎಂದರೆ, ಫೈಲ್‌ಸಿಸ್ಟಮ್ ಶುದ್ಧವಾಗಿದೆ ಎಂಬ ಗುರುತಿದ್ದರೂ ಬಿಡದೆ ಪರೀಕ್ಷಿಸು ಎಂದಷ್ಟೇ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್‌ನ ಉಪಕರಣವಾದ ಎಕ್ಸ್‌ಎಫ್‌ಎಸ್ ರಿಪೇರ್‌ಗೆ ಅದೇ ಅಕ್ಷರ, ನಾನು ಕೊಡುತ್ತಿರುವುದು ಡಿಸ್ಕ್ ಅಲ್ಲ, ಫೈಲ್‌ಸಿಸ್ಟಮ್‌ನ ಪ್ರತಿಯಿರುವ ಇಮೇಜ್ ಫೈಲ್ ಎಂಬ ಸೂಚನೆ. ಬಿಟಿಆರ್‌ಎಫ್‌ಎಸ್ ಎಂಬ ಮತ್ತೊಂದು ಫೈಲ್‌ಸಿಸ್ಟಮ್‌ನ ಬಿಟಿಆರ್‌ಎಫ್‌ಎಸ್ ಚೆಕ್‌ನಲ್ಲಿ ‘ಫೋರ್ಸ್’ ಎಂಬ ಪೂರ್ಣ ಪದವಿದೆ. ಅದು, ಫೈಲ್‌ಸಿಸ್ಟಮ್ ಮೌಂಟ್ ಆಗಿದೆಯೇ, ಅಂದರೆ ಬಳಕೆಗೆ ತೆರೆದುಕೊಂಡಿದೆಯೇ, ಎಂಬ ತಪಾಸಣೆಯನ್ನೇ ಬದಿಗಿಡುತ್ತದೆ. ‘-ಪಿ’ಯ ಕಥೆಯೂ ಹೀಗೆಯೇ: ಇ2ಎಫ್‌ಎಸ್‌ಸಿಕೆಯಲ್ಲಿ ಅದು ಸುರಕ್ಷಿತವಾದದ್ದನ್ನು ಕೇಳದೆಯೇ ಸರಿಪಡಿಸುವ ಆಯ್ಕೆ, ಬಿಟಿಆರ್‌ಎಫ್‌ಎಸ್ ಚೆಕ್‌ನಲ್ಲಿ ಕೆಲಸ ಎಷ್ಟಾಯಿತೆಂದು ತೋರಿಸುವ ಆಯ್ಕೆ. ಇವುಗಳನ್ನು ಈಗ ಬದಲಾಯಿಸಲಾಗದು, ಎಷ್ಟೋ ಸ್ಕ್ರಿಪ್ಟ್‌ಗಳು ಅವುಗಳ ಮೇಲೆ ನಿಂತಿವೆ. ಆದರೆ ಬೇರೆ ಫೈಲ್‌ಸಿಸ್ಟಮ್‌ನಿಂದ ಬಂದವರಿಗೆ ಎಂದು ಅರ್ಧ ಪುಟ ಬರೆಯಲು ಯಾವ ಅಡ್ಡಿಯೂ ಇಲ್ಲ.

ಅಷ್ಟೇ ಅಲ್ಲ, ಎಕ್ಸ್‌ಎಫ್‌ಎಸ್‌ಗೆಂದು ಇರುವ ಎಫ್‌ಎಸ್‌ಸಿಕೆಯ ರೂಪ ಸಾಮಾನ್ಯವಾಗಿ ಏನನ್ನೂ ಮಾಡುವುದಿಲ್ಲ. ‘ಏನನ್ನೂ ಮಾಡದೆ, ಯಶಸ್ವಿಯಾಗಿ ಮುಗಿಸುತ್ತದೆ’ ಎಂದೇ ಅದರ ಕೈಪಿಡಿಯ ಮೊದಲ ಸಾಲು ಹೇಳುತ್ತದೆ. ಬಿಟಿಆರ್‌ಎಫ್‌ಎಸ್‌ನದೂ ಹಾಗೆಯೇ. ಜರ್ನಲ್‌ನಿಂದಲೋ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಿನಚರಿ) ಬೇರೆ ವಿನ್ಯಾಸದಿಂದಲೋ ಈ ಫೈಲ್‌ಸಿಸ್ಟಮ್‌ಗಳಿಗೆ ಪ್ರತಿ ಆರಂಭದಲ್ಲೂ ತಪಾಸಣೆ ಬೇಕಿಲ್ಲವಾದ್ದರಿಂದ ಇದು ತರ್ಕಬದ್ಧ. ಆದರೆ ಎಫ್‌ಎಸ್‌ಸಿಕೆ ಓಡಿಸಿ, ತಪ್ಪೇನೂ ಬರಲಿಲ್ಲವೆಂದು ನೆಮ್ಮದಿಯಿಂದಿರುವವನಿಗೆ ಆ ನೆಮ್ಮದಿಯ ಬೆಲೆ ಎಷ್ಟೆಂದು ಹೇಳುವವರು ಬೇಕು.

ಬರೀ ನೋಡುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ‘-ಎನ್’ ಕೊಟ್ಟು ಓಡಿಸಿದರೆ ಇ2ಎಫ್‌ಎಸ್‌ಸಿಕೆ ಡಿಸ್ಕ್‌ಗೆ ಬರೆಯುವಂತಿಲ್ಲ, ಹಾಗಾಗಿ ಜರ್ನಲ್‌ನಲ್ಲಿ ಬಾಕಿ ಉಳಿದ ಬದಲಾವಣೆಗಳನ್ನು ಅದು ಅನ್ವಯಿಸುವುದಿಲ್ಲ. ಪರಿಣಾಮವಾಗಿ ಜರ್ನಲ್ ಅನ್ವಯಿಸಿದರೆ ಇರುತ್ತಲೇ ಇರಲಿಲ್ಲವಾದ ದೋಷಗಳು ಪಟ್ಟಿಯಲ್ಲಿ ಕಾಣುತ್ತವೆ, ನೋಡಿದವನು ಬೆಚ್ಚಿಬೀಳುತ್ತಾನೆ. ಜರ್ನಲ್ ಬಿಟ್ಟಿದ್ದೇನೆ ಎಂದು ಉಪಕರಣವೇನೋ ಎಚ್ಚರಿಸುತ್ತದೆ. ಅದರಿಂದಾಗಿ ಕೆಳಗಿನ ಪಟ್ಟಿ ಉತ್ಪ್ರೇಕ್ಷೆಯಾಗಿರಬಹುದು ಎಂಬ ಮುಂದಿನ ಮಾತನ್ನು ಹೇಳುವುದಿಲ್ಲ. ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು ತಿಳಿವಳಿಕೆಯೂ ಇದೆ. ಓದಲು ಮಾತ್ರ ಎಂದು ಮೌಂಟ್ ಮಾಡಿದರೆ ಡಿಸ್ಕ್‌ಗೆ ಏನೂ ಬರೆಯಲ್ಪಡುವುದಿಲ್ಲ ಎಂದು ಬಹುತೇಕರು ನಂಬುತ್ತಾರೆ. ಇಎಕ್ಸ್‌ಟಿ4 ಹಾಗೆ ಮೌಂಟ್ ಆಗುವಾಗಲೂ ಬಾಕಿ ಜರ್ನಲನ್ನು ಡಿಸ್ಕ್‌ಗೆ ಬರೆಯುತ್ತದೆ. ಬೇಡವೆಂದರೆ ‘ನೋಲೋಡ್’ ಕೂಡ ಸೇರಿಸಬೇಕು. ಎಕ್ಸ್‌ಎಫ್‌ಎಸ್‌ನಲ್ಲಿ ಅದರ ಜಾಗಕ್ಕೆ ‘ನೋರಿಕವರಿ’. ಕೆಟ್ಟ ಡಿಸ್ಕ್‌ನಿಂದ ಮೊದಲು ಮಾಹಿತಿ ಹೊರತೆಗೆಯಲು ಹೊರಟವನಿಗೆ ಇದಕ್ಕಿಂತ ಮುಖ್ಯ ವಾಕ್ಯ ಇನ್ನೊಂದಿಲ್ಲ, ಆದರೆ ಅದು ಇರುವುದು ಮೌಂಟ್ ಕಮಾಂಡ್‌ನ ಕೈಪಿಡಿಯಲ್ಲಿ. ದುರಸ್ತಿ ಮಾಡಲು ಕುಳಿತವನು ಅತ್ತ ಹೋಗುವುದೇ ಇಲ್ಲ.

ಒಳ್ಳೆಯ ಸಂದೇಶವೂ ಎಡವುವ ಜಾಗ

ಸಂದೇಶಗಳನ್ನು ಕಾಳಜಿಯಿಂದ ಬರೆದವರಿಲ್ಲವೆಂದಲ್ಲ. ಎಕ್ಸ್‌ಎಫ್‌ಎಸ್ ರಿಪೇರ್ ಫೈಲ್‌ಸಿಸ್ಟಮ್‌ನ ಲಾಗ್‌ನಲ್ಲಿ (ಎಕ್ಸ್‌ಎಫ್‌ಎಸ್‌ನ ಜರ್ನಲ್‌ಗೆ ಇದೇ ಹೆಸರು) ಇನ್ನೂ ಅನ್ವಯವಾಗದ ಬದಲಾವಣೆಗಳನ್ನು ಕಂಡರೆ ಕೆಲಸ ಆರಂಭಿಸಲು ಒಪ್ಪುವುದಿಲ್ಲ. ಆಗ ಅದು ಹೇಳುವುದರ ಸಾರಾಂಶ ಹೀಗಿದೆ: ಲಾಗ್‌ನಲ್ಲಿ ಬೆಲೆಬಾಳುವ ಮೆಟಾಡೇಟಾ (ಫೈಲ್‌ಗಳ ಕುರಿತ ಲೆಕ್ಕಪತ್ರ) ಬದಲಾವಣೆಗಳಿವೆ, ಒಮ್ಮೆ ಮೌಂಟ್ ಮಾಡಿ ಅವು ಅನ್ವಯವಾಗಲು ಬಿಡಿ, ಅನ್‌ಮೌಂಟ್ ಮಾಡಿ ಮತ್ತೆ ಬನ್ನಿ, ಮೌಂಟ್ ಮಾಡಲು ಆಗದಿದ್ದರೆ ದೊಡ್ಡಕ್ಷರದ ‘-ಎಲ್’ ಬಳಸಿ ಲಾಗನ್ನು ನಾಶಮಾಡಿ ದುರಸ್ತಿಗೆ ಯತ್ನಿಸಿ, ಲಾಗ್ ನಾಶವಾದರೆ ಹಾನಿಯಾಗಬಹುದು, ಮೊದಲು ದಯವಿಟ್ಟು ಮೌಂಟ್ ಮಾಡಿ ನೋಡಿ. ದುರಸ್ತಿ ಉಪಕರಣಗಳ ಸಂದೇಶಗಳಲ್ಲಿ ಇದು ನನ್ನ ಮಟ್ಟಿಗೆ ಅತ್ಯುತ್ತಮವಾದವುಗಳಲ್ಲಿ ಒಂದು. ಕಾರಣ ಹೇಳುತ್ತದೆ, ಕ್ರಮ ಹೇಳುತ್ತದೆ, ನಷ್ಟ ಹೇಳುತ್ತದೆ, ಎರಡು ಸಲ ಬೇಡಿಕೊಳ್ಳುತ್ತದೆ ಕೂಡ.

ಇಷ್ಟಿದ್ದೂ ಒಂದು ಕಂದಕ ಉಳಿಯುತ್ತದೆ. ‘ಮೌಂಟ್ ಮಾಡಲು ಆಗದಿದ್ದರೆ’ ಎಂಬ ಷರತ್ತು ಮೌಂಟ್ ವಿಫಲವಾಗುವುದಕ್ಕೆ ಲಾಗ್ ಕೆಟ್ಟಿರುವುದೇ ಕಾರಣ ಎಂಬಂತೆ ನಡೆದುಕೊಳ್ಳುತ್ತದೆ. ಡಿಸ್ಕ್ ಸಾಯುತ್ತಿದೆಯೆಂದು ಎಚ್ಚರಿಕೆಯಿಂದ ಇನ್ನೊಂದು ಡಿಸ್ಕ್‌ಗೆ ಪೂರ್ತಿ ನಕಲು ಮಾಡಿಕೊಂಡವನನ್ನು ಊಹಿಸಿ. ಮೂಲ ಡಿಸ್ಕ್ ಇನ್ನೂ ಮೌಂಟ್ ಆಗಿಯೇ ಇದೆ. ನಕಲಿಗೂ ಅದರದೇ ಯುಯುಐಡಿ, ಅಂದರೆ ಫೈಲ್‌ಸಿಸ್ಟಮ್‌ನ ಗುರುತಿನ ಸಂಖ್ಯೆ. ಒಂದೇ ಯುಯುಐಡಿಯ ಎರಡು ಫೈಲ್‌ಸಿಸ್ಟಮ್‌ಗಳನ್ನು ಒಟ್ಟಿಗೆ ಮೌಂಟ್ ಮಾಡಲು ಎಕ್ಸ್‌ಎಫ್‌ಎಸ್ ಬಿಡುವುದಿಲ್ಲ, ನಿರಾಕರಿಸುತ್ತದೆ. ಮೌಂಟ್ ಆಗಲಿಲ್ಲ, ಹಾಗಾದರೆ ಸಂದೇಶ ಹೇಳಿದಂತೆ ‘-ಎಲ್’! ಚೆನ್ನಾಗಿದ್ದ ಲಾಗ್ ಹೋಯಿತು. ಮೌಂಟ್ ಮಾಡುವಾಗ ‘ನೋಯುಯುಐಡಿ’ ಎಂದು ಸೇರಿಸಿದ್ದರೆ ಸಾಕಿತ್ತು. ರೇಡ್‌ನ ಒಂದು ಡಿಸ್ಕ್ ಸೇರದೆ ಹೋದದ್ದು, ಹಳೆಯ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಹೊಸ ಫೈಲ್‌ಸಿಸ್ಟಮ್‌ನ ಗುಣವೊಂದು ಅರ್ಥವಾಗದೆ ಇದ್ದದ್ದು, ಬೇರೆ ಡಿವೈಸ್‌ನ ಹೆಸರು ಬರೆದದ್ದು, ಹೀಗೆ ಮೌಂಟ್ ಸೋಲಲು ಲಾಗ್‌ಗೆ ಸಂಬಂಧವೇ ಇಲ್ಲದ ಕಾರಣಗಳಿವೆ. ಮೌಂಟ್ ಏಕೆ ಸೋತಿತೆಂದು ಕರ್ನಲ್‌ನ ಸಂದೇಶಗಳಲ್ಲಿ ನೋಡಿ ಎಂಬ ಒಂದು ಸಾಲು ಸೇರಿದರೆ ಈ ಕಂದಕ ಬಹುಪಾಲು ಮುಚ್ಚುತ್ತದೆ.

ಇ2ಎಫ್‌ಎಸ್‌ಸಿಕೆ ಇಂಥದೇ ಒಂದು ಕಂದಕವನ್ನು ಮುಚ್ಚಿಕೊಂಡಿದೆ. ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಮ್‌ನ ಮೂಲ ವಿವರಗಳಿರುವ ಬ್ಲಾಕ್) ಓದಲಾಗದಿದ್ದಾಗ ಅದು, ಇದು ನಿಜಕ್ಕೂ ಇಎಕ್ಸ್‌ಟಿ ಜಾತಿಯ ಫೈಲ್‌ಸಿಸ್ಟಮ್ ಆಗಿದ್ದರೆ 8193 ಅಥವಾ 32768ನೇ ಬ್ಲಾಕ್‌ನಲ್ಲಿರುವ ಪರ್ಯಾಯ ಸೂಪರ್‌ಬ್ಲಾಕ್ ಬಳಸಿ ನೋಡಿ ಎನ್ನುತ್ತದೆ. ಮೊದಲನೆಯದು 1 ಕಿಲೋಬೈಟ್ ಬ್ಲಾಕ್‌ಗಳಿಗೆ, ಎರಡನೆಯದು 4 ಕಿಲೋಬೈಟ್‌ನವಕ್ಕೆ. ಆದರೆ ಈ ಸಂದೇಶ ಕಂಡವರಲ್ಲಿ ಅನೇಕರ ಸೂಪರ್‌ಬ್ಲಾಕ್‌ಗೆ ಏನೂ ಆಗಿರುವುದಿಲ್ಲ. ಅವರು ಪಾರ್ಟಿಶನ್‌ನ (ಡಿಸ್ಕ್‌ನ ಒಂದು ವಿಭಾಗದ) ಬದಲು ಇಡೀ ಡಿಸ್ಕ್‌ನ ಹೆಸರು ಕೊಟ್ಟಿರುತ್ತಾರೆ. ಹೊಸ ಆವೃತ್ತಿಗಳು ಅದೇ ಸಂದೇಶದ ಕೊನೆಗೆ, ಇಲ್ಲಿ ಪಾರ್ಟಿಶನ್ ಟೇಬಲ್ ಕಂಡಿದೆ ಎಂದು ತಿಳಿಸುತ್ತವೆ. ಕೈಪಿಡಿಯಲ್ಲಿ ಎರಡು ಪುಟ ಬರೆದು ಸಾಧಿಸಲಾಗದ್ದನ್ನು ಆ ಒಂದು ಸಾಲು ಸಾಧಿಸುತ್ತದೆ.

ಪರ್ಯಾಯ ಸೂಪರ್‌ಬ್ಲಾಕ್ ಎಲ್ಲಿದೆ ಎಂದು ತಿಳಿಯಲು ಕೊಡುವ ಸಲಹೆ ಮಾತ್ರ ನನಗೆ ಇಂದಿಗೂ ಮೈ ಜುಮ್ಮೆನಿಸುತ್ತದೆ. ಫೈಲ್‌ಸಿಸ್ಟಮ್ ಸೃಷ್ಟಿಸುವ ಉಪಕರಣವನ್ನೇ ‘-ಎನ್’ ಜೊತೆ ಓಡಿಸಿ, ಅದು ಸೃಷ್ಟಿಸದೆ ಬ್ಲಾಕ್ ಸಂಖ್ಯೆಗಳನ್ನು ಮಾತ್ರ ತೋರಿಸುತ್ತದೆ ಎಂಬ ಸಲಹೆ ಅದು. ಸರಿಯಾದ ಮಾತೇ. ಆದರೆ ಎರಡು ಅಕ್ಷರ ಬಿಟ್ಟುಹೋದರೆ ಅದೇ ಕಮಾಂಡ್ ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಲು ಹೊರಡುತ್ತದೆ. ಇಂಥ ಸಲಹೆ ಕೊಡುವ ದಾಖಲೆ ಆ ಅಪಾಯವನ್ನು ಅದೇ ವಾಕ್ಯದಲ್ಲಿ ಹೇಳಬೇಕು, ಮುಂದಿನ ಪ್ಯಾರಾದಲ್ಲಲ್ಲ. ಕಮಾಂಡ್ ನಕಲಾಗುತ್ತದೆ, ಪ್ಯಾರಾ ನಕಲಾಗುವುದಿಲ್ಲ. ಕೈಪಿಡಿಗಳನ್ನು ಕೃತಕ ಬುದ್ಧಿಮತ್ತೆಯ ಸಹಾಯಕಗಳು ಓದಿ ಎರಡು ಸಾಲಿಗಿಳಿಸಿ ಕೊಡುತ್ತಿರುವ ಈ ದಿನಗಳಲ್ಲಿ, ಎಚ್ಚರಿಕೆ ಕಮಾಂಡ್‌ನಿಂದ ದೂರವಿದ್ದಷ್ಟೂ ಅದು ದಾರಿಯಲ್ಲಿ ಉದುರಿಹೋಗುವ ಸಂಭವ ಹೆಚ್ಚು.

ಬಿಟಿಆರ್‌ಎಫ್‌ಎಸ್‌ನವರು ಎಚ್ಚರಿಕೆಯನ್ನು ಇನ್ನೊಂದು ಬಗೆಯಲ್ಲಿ ಕೊಡುತ್ತಾರೆ. ಬಿಟಿಆರ್‌ಎಫ್‌ಎಸ್ ಚೆಕ್ ತಾನಾಗಿ ಏನನ್ನೂ ಬರೆಯುವುದಿಲ್ಲ. ‘ರಿಪೇರ್’ ಆಯ್ಕೆ ಕೊಟ್ಟರೆ, ಡೆವಲಪರ್ ಅಥವಾ ಅನುಭವಿ ಬಳಕೆದಾರರ ಸಲಹೆಯಿಲ್ಲದೆ ಇದನ್ನು ಬಳಸಬೇಡಿ ಎಂದು ಎಚ್ಚರಿಸಿ, 10 ಸೆಕೆಂಡು ಎಣಿಸಿ, ಆಮೇಲೆ ಕೈ ಹಾಕುತ್ತದೆ. ಪ್ರಾಮಾಣಿಕ ಎಚ್ಚರಿಕೆಯೇ. ಆದರೆ ರಾತ್ರಿ ಎರಡಕ್ಕೆ ಡೆವಲಪರ್‌ನನ್ನು ಎಲ್ಲಿ ಹುಡುಕುವುದು? ಬೇಡ ಎಂದ ಮೇಲೆ ಅದರ ಬದಲು ಏನು ಎಂದೂ ಹೇಳಬೇಕಾಗುತ್ತದೆ. ಹೇಳಲು ಬೇಕಾದಷ್ಟಿದೆ: ‘ರೆಸ್ಕ್ಯೂ’ ಮೌಂಟ್ ಆಯ್ಕೆಗಳಿವೆ, ಮೌಂಟ್ ಆಗದ ಡಿಸ್ಕ್‌ನಿಂದಲೂ ಫೈಲ್‌ಗಳನ್ನು ಬೇರೆಡೆಗೆ ನಕಲು ಮಾಡುವ ‘ಬಿಟಿಆರ್‌ಎಫ್‌ಎಸ್ ರಿಸ್ಟೋರ್’ ಇದೆ. ಆ 10 ಸೆಕೆಂಡುಗಳಲ್ಲಿ ಎಣಿಕೆಯ ಜೊತೆಗೆ, ಮೊದಲು ರಿಸ್ಟೋರ್ ಪ್ರಯತ್ನಿಸಿದಿರಾ ಎಂಬ ಪ್ರಶ್ನೆಯೂ ಪರದೆಯ ಮೇಲಿದ್ದರೆ ಎಷ್ಟು ಜನ ಅಲ್ಲಿಗೇ ನಿಲ್ಲಿಸುತ್ತಿದ್ದರೋ!

ಉಪಕರಣ ಕೆಲಸ ಮುಗಿಸುವಾಗ ಸ್ಕ್ರಿಪ್ಟ್‌ಗೆ ಫಲಿತಾಂಶ ತಿಳಿಸುವ ನಿರ್ಗಮನ ಸಂಖ್ಯೆಗಳಲ್ಲಿಯೂ ಹೊಂದಾಣಿಕೆಯಿಲ್ಲ: ಎಫ್‌ಎಸ್‌ಸಿಕೆ 0 ಕೊಟ್ಟರೆ ದೋಷವಿಲ್ಲ, 1 ಎಂದರೆ ದೋಷವಿತ್ತು ಮತ್ತು ಸರಿಯಾಯಿತು, 2 ಎಂದರೆ ಯಂತ್ರವನ್ನು ಮರು ಆರಂಭಿಸಬೇಕು, 4 ಎಂದರೆ ದೋಷ ಹಾಗೇ ಉಳಿಯಿತು, ಇವು ಒಂದಕ್ಕೊಂದು ಕೂಡಿಯೂ ಬರಬಹುದು. ಎಕ್ಸ್‌ಎಫ್‌ಎಸ್ ರಿಪೇರ್ ‘-ಎನ್’ ಜೊತೆಗೆ 1 ಕೊಟ್ಟರೆ ಹಾನಿ ಕಂಡಿದೆ ಎಂದರ್ಥ. ಎರಡಕ್ಕೂ ಒಂದೇ ಸ್ಕ್ರಿಪ್ಟ್ ಬರೆದವನ ಪಾಡು ದೇವರಿಗೇ ಪ್ರೀತಿ.

1980ರ ದಶಕದ ಒಂದು ಮಾದರಿ

ಇದೆಲ್ಲ ಹೊಸ ಬೇಡಿಕೆಯೇನಲ್ಲ. ಎಫ್‌ಎಸ್‌ಸಿಕೆಯ ಮೊದಲ ಕರ್ತೃ ಟಿ. ಜೆ. ಕೋವಾಲ್ಸ್ಕಿ ಮತ್ತು ಬಿಎಸ್‌ಡಿ ಎಂಬ ಯುನಿಕ್ಸ್ ರೂಪದ ಫೈಲ್‌ಸಿಸ್ಟಮ್ ಕಟ್ಟಿದ ಮಾರ್ಷಲ್ ಕರ್ಕ್ ಮೆಕ್ಯುಸಿಕ್ ಹೆಸರಿನಲ್ಲಿ 1980ರ ದಶಕದ ಬಿಎಸ್‌ಡಿ ಯುನಿಕ್ಸ್‌ನೊಂದಿಗೆ ಒಂದು ದಾಖಲೆ ಬಂತು. ಮೊದಲ ಭಾಗದಲ್ಲಿ ಫೈಲ್‌ಸಿಸ್ಟಮ್ ಹೇಗೆ ಕಟ್ಟಲ್ಪಟ್ಟಿದೆ, ಎಲ್ಲಿ ಮುರಿಯುತ್ತದೆ ಎಂಬ ವಿವರಣೆ. ಅದರ ಅನುಬಂಧವೇ ನಿಜವಾದ ನಿಧಿ. ಉಪಕರಣ ಕೇಳುವ ಪ್ರಶ್ನೆಗಳನ್ನು ಹಂತ ಹಂತವಾಗಿ ಜೋಡಿಸಿ, ಪ್ರತಿಯೊಂದರ ಕೆಳಗೆ ಅದರ ಅರ್ಥ, ‘ಯೆಸ್’ ಎಂದರೆ ಏನಾಗುತ್ತದೆ, ‘ನೋ’ ಎಂದರೆ ಏನಾಗುತ್ತದೆ ಎಂದು ಬರೆದಿದ್ದಾರೆ.

ಯಾವ ಡೈರೆಕ್ಟರಿಯಿಂದಲೂ ಉಲ್ಲೇಖವಿಲ್ಲದ ಅನಾಥ ಫೈಲ್ ಸಿಕ್ಕಾಗ ಬರುವ ಪ್ರಶ್ನೆಯನ್ನೇ ನೋಡಿ. ಮತ್ತೆ ಜೋಡಿಸಲೇ ಎಂದು ಉಪಕರಣ ಕೇಳುತ್ತದೆ. ಹೌದೆಂದರೆ ಆ ಫೈಲ್ ‘ಲಾಸ್ಟ್ ಪ್ಲಸ್ ಫೌಂಡ್’ ಡೈರೆಕ್ಟರಿಗೆ ಸೇರುತ್ತದೆ. ಬೇಡವೆಂದರೆ ಈ ದೋಷವನ್ನು ಕಡೆಗಣಿಸಲಾಗುತ್ತದೆ, ಆದರೆ ನಾಲ್ಕನೇ ಹಂತದಲ್ಲಿ ಅದನ್ನು ಅಳಿಸಲೇ ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದು ದಾಖಲೆ ಹೇಳುತ್ತದೆ. ‘ನೋ’ ಎಂದರೆ ಇದ್ದದ್ದು ಇದ್ದ ಹಾಗೇ ಇರುತ್ತದೆ ಎಂಬ ಸಹಜ ಊಹೆಯನ್ನು ಅದು ಅಲ್ಲೇ ಮುರಿಯುತ್ತದೆ. ಓದುಗ ಒಂದು ಪ್ರಶ್ನೆಯ ಮುಂದೆ ನಿಂತಿರುವಾಗಲೇ ಮುಂದಿನ ಪ್ರಶ್ನೆ ಯಾವುದೆಂದು ಅವನಿಗೆ ಗೊತ್ತಿರುತ್ತದೆ. ಇಂದಿನ ಎಷ್ಟು ಉಪಕರಣಗಳ ಕೈಪಿಡಿಯಲ್ಲಿ ಇದು ಸಾಧ್ಯ?

ಆ ಮಾದರಿ ಏಕೆ ಮುಂದುವರಿಯಲಿಲ್ಲ ಎಂಬುದಕ್ಕೆ ಸುಲಭ ಕಾರಣವಿದೆ. ಫೈಲ್‌ಸಿಸ್ಟಮ್‌ಗಳು ಬೆಳೆದವು. ಇ2ಎಫ್‌ಎಸ್‌ಸಿಕೆ ಗುರುತಿಸುವ ಸಮಸ್ಯೆಗಳೇ ನೂರಾರು, ಪ್ರತಿಯೊಂದಕ್ಕೂ ಪ್ಯಾರಾ ಬರೆದು ಆವೃತ್ತಿಯಿಂದ ಆವೃತ್ತಿಗೆ ತಿದ್ದುತ್ತಾ ಕೂರುವವರು ಯಾರು? ಕೋಡ್ ಬರೆಯುವವರಿಗೆ ಸಮಯವಿಲ್ಲ, ಬರವಣಿಗೆ ಬಲ್ಲವರಿಗೆ ಇನೋಡ್‌ನ ಒಳಗು ಗೊತ್ತಿಲ್ಲ. ಹೀಗಾಗಿ ಕೈಪಿಡಿಯಲ್ಲಿ ವಿವರಣೆಯ ಜಾಗವನ್ನು ಎಚ್ಚರಿಕೆ ತುಂಬುತ್ತದೆ. ಎಚ್ಚರಿಕೆಯನ್ನು ಒಂದೇ ವಾಕ್ಯದಲ್ಲಿ ಬರೆಯಬಹುದು, ಆವೃತ್ತಿ ಬದಲಾದರೂ ತಿದ್ದಬೇಕಿಲ್ಲ, ಏನಾದರೂ ಆದರೆ ಹೇಳಿದ್ದೆವಲ್ಲ ಎನ್ನಬಹುದು. ಮೌಂಟ್ ಆಗಿರುವ ಫೈಲ್‌ಸಿಸ್ಟಮನ್ನು ಪರೀಕ್ಷಿಸಲೇ ಎಂದು ಉಪಕರಣ ಕೇಳಿದರೆ ಸರಿಯಾದ ಉತ್ತರ ‘ನೋ’ ಮಾತ್ರ ಎಂದು ಇ2ಎಫ್‌ಎಸ್‌ಸಿಕೆಯ ಕೈಪಿಡಿ ಹೇಳುತ್ತದೆ. ಉತ್ತರ ಒಂದೇ ಇದೆ ಎನ್ನುವುದಾದರೆ ಪ್ರಶ್ನೆ ಏಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಇನ್ನೊಂದು ಉತ್ತರ ತಜ್ಞರಿಗೆ ಮೀಸಲು ಎನ್ನುತ್ತದೆ ಅದು.

ಆ ಹಳೆಯ ನಿಯಮವೂ ಈಗ ಸಡಿಲಗೊಳ್ಳುತ್ತಿದೆ. ಎಕ್ಸ್‌ಎಫ್‌ಎಸ್‌ನಲ್ಲಿ ಮೌಂಟ್ ಆಗಿರುವಾಗಲೇ ಪರೀಕ್ಷಿಸಿ ದುರಸ್ತಿ ಮಾಡುವ ಸೌಲಭ್ಯ 2024ರ ಹೊತ್ತಿಗೆ ಬಹುಪಾಲು ಲಿನಕ್ಸ್ ಕರ್ನಲ್ ಸೇರಿತು. ಅದನ್ನು ನಡೆಸುವ ಉಪಕರಣ ಎಕ್ಸ್‌ಎಫ್‌ಎಸ್ ಸ್ಕ್ರಬ್. ಬಿಟಿಆರ್‌ಎಫ್‌ಎಸ್‌ನಲ್ಲಿಯೂ ಸ್ಕ್ರಬ್ ಇದೆ, ಅದೂ ಮೌಂಟ್ ಆಗಿರುವಾಗಲೇ ಓಡುತ್ತದೆ, ಆದರೆ ಅದರ ಕೆಲಸ ಬೇರೆ: ಚೆಕ್‌ಸಮ್‌ಗಳನ್ನು ಹೋಲಿಸಿ, ಇನ್ನೊಂದು ಒಳ್ಳೆಯ ಪ್ರತಿ ಇದ್ದರೆ ಅದರಿಂದ ಸರಿಪಡಿಸುವುದು. ಪ್ರತಿ ಒಂದೇ ಇದ್ದರೆ ಕೆಟ್ಟಿದೆ ಎಂದು ಹೇಳಬಲ್ಲದು, ಅಷ್ಟೇ. ಝಡ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್‌ನಲ್ಲಿ ಸಾಂಪ್ರದಾಯಿಕ ಎಫ್‌ಎಸ್‌ಸಿಕೆ ಎಂಬುದೇ ಇಲ್ಲ, ಅಲ್ಲಿಯೂ ಸ್ಕ್ರಬ್. ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಭರವಸೆಗಳು. ಮೌಂಟ್ ಆಗಿರುವಾಗ ಮುಟ್ಟಬೇಡ ಎಂದು ದಶಕಗಳ ಕಾಲ ಕಲಿತ ಓದುಗನಿಗೆ, ಯಾವ ಉಪಕರಣದ ಯಾವ ಆವೃತ್ತಿಯಿಂದ ಆ ಮಾತು ಬದಲಾಯಿತು ಎಂದು ಸ್ಪಷ್ಟವಾಗಿ ಬರೆಯದೆ ಹೋದರೆ, ಅವನು ಹೊಸ ಧೈರ್ಯವನ್ನು ಹಳೆಯ ಉಪಕರಣದ ಮೇಲೆ ಪ್ರಯೋಗಿಸುತ್ತಾನೆ.

ಎಲ್ಲಿಂದ ಆರಂಭಿಸುವುದು

ಎಲ್ಲ ಕೈಪಿಡಿಗಳನ್ನೂ ಹೊಸದಾಗಿ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಆಯ್ಕೆಗಳ ಪಟ್ಟಿ ಇರಲಿ, ಬಲ್ಲವರಿಗೆ ಅದು ಬೇಕು. ಅದರ ಮೇಲೆ ಒಂದೂವರೆ ಪುಟ ಬರಲಿ. ಮೊದಲು ಕರ್ನಲ್‌ನ ಸಂದೇಶಗಳಲ್ಲಿ ಡಿಸ್ಕ್‌ನ ಓದು-ಬರಹದ ದೋಷಗಳಿವೆಯೇ ನೋಡಿ. ಇದ್ದರೆ ದುರಸ್ತಿ ನಿಲ್ಲಿಸಿ, ಡಿಡಿರೆಸ್ಕ್ಯೂನಂಥ ಉಪಕರಣದಿಂದ ಇಡೀ ಡಿಸ್ಕನ್ನು ಬೇರೆಡೆಗೆ ನಕಲು ಮಾಡಿ, ಮುಂದಿನ ಕೆಲಸವೆಲ್ಲ ನಕಲಿನ ಮೇಲೆ. ಸಾಯುತ್ತಿರುವ ಡಿಸ್ಕ್‌ನ ಮೇಲೆ ದುರಸ್ತಿ ಓಡಿಸುವುದೆಂದರೆ ಅದರ ಉಳಿದ ಆಯುಷ್ಯವನ್ನು ಲೆಕ್ಕ ಸರಿಮಾಡಲು ಖರ್ಚು ಮಾಡಿದಂತೆ. ಆಮೇಲೆ ಏನನ್ನೂ ಬರೆಯದ ಪರೀಕ್ಷೆ, ಅದರ ಫಲಿತಾಂಶವನ್ನು ಎಷ್ಟು ನಂಬಬೇಕೆಂಬ ಮಾತಿನೊಂದಿಗೆ. ಎಕ್ಸ್‌ಎಫ್‌ಎಸ್ ಆದರೆ ಇನ್ನೂ ಒಂದು ಒಳ್ಳೆಯ ದಾರಿಯಿದೆ: ಮೆಟಾಡಂಪ್ ಉಪಕರಣದಿಂದ ಮೆಟಾಡೇಟಾವನ್ನಷ್ಟೇ ತೆಗೆದು, ಅದರಿಂದ ಒಂದು ಇಮೇಜ್ ಕಟ್ಟಿ, ದುರಸ್ತಿಯನ್ನು ಮೊದಲು ಅದರ ಮೇಲೆ ಓಡಿಸಿ ನೋಡಬಹುದು. ಎಷ್ಟು ಫೈಲ್‌ಗಳು ಅನಾಥವಾಗುತ್ತವೆ, ಎಷ್ಟು ಡೈರೆಕ್ಟರಿಗಳು ಹೋಗುತ್ತವೆ ಎಂಬುದು ಅಸಲಿ ಡಿಸ್ಕನ್ನು ಮುಟ್ಟುವ ಮೊದಲೇ ತಿಳಿಯುತ್ತದೆ. ಬಲ್ಲವರು ಪರಸ್ಪರ ಹೇಳಿಕೊಳ್ಳುವ ಈ ವಿಧಾನ ಮೊದಲ ಪುಟಕ್ಕೆ ಬರಬೇಕು.

ಪ್ರತಿ ಪ್ರಶ್ನೆಗೂ ವಿವರಣೆ ಬರೆಯುವ ದೊಡ್ಡ ಕೆಲಸಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಈಗಾಗಲೇ ಸಿದ್ಧವಿದೆ. ಇ2ಎಫ್‌ಎಸ್‌ಸಿಕೆಯ ಮೂಲ ಕೋಡ್‌ನಲ್ಲಿ ಎಲ್ಲ ಸಮಸ್ಯೆಗಳ ಒಂದು ಕೋಷ್ಟಕವಿದೆ. ಪ್ರತಿ ಸಾಲಿನಲ್ಲೂ ಸಮಸ್ಯೆಯ ಸಂಖ್ಯೆ, ಸಂದೇಶ, ಕೇಳುವ ಪ್ರಶ್ನೆಯ ಬಗೆ, ಜೊತೆಗೆ ಇದನ್ನು ‘-ಪಿ’ ತಾನಾಗಿಯೇ ಸರಿಪಡಿಸಬಹುದೇ ಎಂಬ ಗುರುತು. ಯಾವುದು ಸುರಕ್ಷಿತ, ಯಾವುದಕ್ಕೆ ಮನುಷ್ಯ ಬೇಕು ಎಂದು ಬರೆದವರು ಒಂದೊಂದಕ್ಕೂ ಯೋಚಿಸಿ ನಿರ್ಧರಿಸಿದ್ದಾರೆ. ಆ ನಿರ್ಧಾರ ಕೋಡ್‌ನಲ್ಲಿದೆ, ಕೈಪಿಡಿಯಲ್ಲಿಲ್ಲ. ಅದನ್ನು ಹೊರತೆಗೆದು ಪಟ್ಟಿಯಾಗಿ ಮುದ್ರಿಸಲು ಸಣ್ಣ ಸ್ಕ್ರಿಪ್ಟ್ ಸಾಕು. ಸಮಸ್ಯೆಯ ಸಂಖ್ಯೆಯನ್ನು ಪರದೆಯ ಮೇಲೆ ಸಂದೇಶದ ಪಕ್ಕದಲ್ಲೇ ತೋರಿಸಿದರೆ, ಸಂದೇಶ ಯಾವ ಭಾಷೆಯಲ್ಲಿದ್ದರೂ ಹುಡುಕುವವನು ಸರಿಯಾದ ಜಾಗಕ್ಕೆ ಬಂದು ತಲುಪುತ್ತಾನೆ.

ಇನ್ನೊಂದು ಸಾಮಗ್ರಿ ಇ2ಎಫ್‌ಎಸ್‌ಸಿಕೆಯನ್ನೇ ಪರೀಕ್ಷಿಸಲು ಅದರ ಕೋಡ್‌ನೊಂದಿಗೆ ಇರುವ ಪರೀಕ್ಷೆಗಳ ಸಂಗ್ರಹ. ಬೇಕೆಂದೇ ಕೆಡಿಸಿದ ಪುಟ್ಟ ಫೈಲ್‌ಸಿಸ್ಟಮ್ ಇಮೇಜ್‌ಗಳು ಅಲ್ಲಿ ನೂರಾರಿವೆ. ಪ್ರತಿಯೊಂದರ ಜೊತೆಗೆ ಒಂದು ಸಾಲಿನ ಹೆಸರು, ಸಾಮಾನ್ಯವಾಗಿ ಎರಡು ನಿರೀಕ್ಷಿತ ಔಟ್‌ಪುಟ್‌ಗಳು: ಮೊದಲ ಸಲ ಓಡಿಸಿದಾಗ ಏನು ಬರಬೇಕು, ಎರಡನೆಯ ಸಲ ಏನು ಬರಬೇಕು. ಎರಡನೆಯ ಸಲ ಶುದ್ಧವೆಂದು ಬಂದರೆ ದುರಸ್ತಿ ಪೂರ್ಣ. ಒಂದೇ ಬ್ಲಾಕ್‌ಗೆ ಎರಡು ಫೈಲ್‌ಗಳು ಹಕ್ಕು ಹೇಳುವ ಸ್ಥಿತಿಗೂ ಅಲ್ಲಿ ಇಮೇಜ್‌ಗಳಿವೆ. ಬರವಣಿಗೆ ಬಲ್ಲ, ಇನೋಡ್ ಗೊತ್ತಿಲ್ಲದ ಒಬ್ಬರು ಆ ಇಮೇಜನ್ನು ತೆಗೆದುಕೊಂಡು, ಒಮ್ಮೆ ‘ಹೌದು’ ಎಂದು, ಇನ್ನೊಮ್ಮೆ ಹೊಸ ಪ್ರತಿಯ ಮೇಲೆ ‘ಬೇಡ’ ಎಂದು ಓಡಿಸಿ, ಫೈಲ್‌ಗಳ ಒಳಗೆ ಏನು ಉಳಿಯಿತೆಂದು ತೆರೆದು ನೋಡಿ, ಕಂಡದ್ದನ್ನು ಬರೆಯಬಹುದು. ಆ ಪ್ಯಾರಾ ಕೋಡ್‌ನ ಜೊತೆಗೇ ಅದೇ ಫೋಲ್ಡರ್‌ನಲ್ಲಿರಲಿ. ಮುಂದಿನ ಆವೃತ್ತಿಯಲ್ಲಿ ಯಾರಾದರೂ ಸಂದೇಶ ಬದಲಿಸಿದರೆ ಪರೀಕ್ಷೆ ಸೋಲುತ್ತದೆ, ನಿರೀಕ್ಷಿತ ಔಟ್‌ಪುಟ್ ತಿದ್ದಲು ಫೋಲ್ಡರ್ ತೆರೆದವರ ಕಣ್ಣಿಗೆ ಪಕ್ಕದಲ್ಲೇ ಆ ವಿವರಣೆಯೂ ಬೀಳುತ್ತದೆ.